ಐದು ಬಣ್ಣದ ಪುಡಿ: ಮೂರನೇ ವಾರ

ಕೊನೆಗೂ ಕೆಂಪು ಬಂತು! ರಂಗೋಲಿಗೆ ಐದು ಬಣ್ಣದ ಪುಡಿಯನ್ನು ಮನೆಯಲ್ಲೇ ಮಾಡುತ್ತಿದ್ದೇನೆ.

ಇದು ಶುರುವಾದದ್ದು ಹೋದ ವರ್ಷ, ಉಡುಪಿ ಹತ್ತಿರ ನೆಂಟರ ಊರಲ್ಲಿ ನಾಗಮಂಡಲ ಅನ್ನುವ ನಾಗಾರಾಧನೆ ನೋಡಿದಾಗ. 16 ಗಂಟಿನ ದೊಡ್ಡ ಮಂಡಲ. ವೈದ್ಯರು (ಮದ್ದು ಕೊಡುವವರಲ್ಲ, ಮಂಡಲ ಬರೆಯುವವರಿಗೆ ಅಲ್ಲಿ ಇದೇ ಹೆಸರು) ಚಿಟಿಕೆಯಲ್ಲಿ ಪುಡಿ ಹಿಡಿದು, ಹೆಣೆದುಕೊಂಡ ಹಾವಿನ ಮೈಯನ್ನು ನೆಲದ ಮೇಲೆ ಬಿಡಿಸುತ್ತಿದ್ದರು. ಗೆರೆ ಎಲ್ಲೂ ನಡುಗಲಿಲ್ಲ. ರಾತ್ರಿಯಿಡೀ ಡಕ್ಕೆ ಅನ್ನುವ ಚರ್ಮವಾದ್ಯದ ಸದ್ದು, ಕುಣಿತ. ಕೊನೆಗೆ ಮಂಡಲ ಅಳಿಸಿ, ಆ ಪುಡಿಯನ್ನೇ ಪ್ರಸಾದವಾಗಿ ಕೊಟ್ಟರು. ಅಷ್ಟು ಚೆಂದದ್ದು ಒಂದೇ ರಾತ್ರಿಗೆ! ಆ ಪೊಟ್ಟಣ ಇನ್ನೂ ನಮ್ಮ ದೇವರ ಮನೆಯಲ್ಲಿದೆ.

ಮಂಡಲ ಬರೆಯುವುದು ಅವರ ಕೆಲಸ, ಅದಕ್ಕೆ ನಾನು ಕೈ ಹಾಕುವುದಿಲ್ಲ. ನನಗೆ ಬೇಕಾದದ್ದು ಆ ಐದು ಬಣ್ಣ. ಬಿಳಿ ಮಣ್ಣು, ಅರಿಶಿನ, ಅರಿಶಿನ-ಸುಣ್ಣದ ಕೆಂಪು, ಎಲೆಯ ಹಸಿರು, ಸುಟ್ಟ ಉಮಿಯ ಕಪ್ಪು. ಅದರಲ್ಲಿ ನಮ್ಮ ಅಂಗಳಕ್ಕೆ ಚುಕ್ಕಿ ರಂಗೋಲಿ ಹಾಕಬೇಕು, ಅಷ್ಟೇ.

ಕೆಂಪು ಎರಡು ವಾರ ಸತಾಯಿಸಿತು. ಒಣ ಅರಿಶಿನಕ್ಕೆ ಒಣ ಸುಣ್ಣ ಬೆರೆಸಿದರೆ ಬರೀ ಪೇಲವ ಹಳದಿ. ನೀರು ಬೇಕು ಅಂತ ತಲೆಗೆ ಹೊಳೆದದ್ದು ಆರತಿಗೆ ಓಕುಳಿ ಕಲಸುವಾಗ! ನಾಲ್ಕು ಚಮಚ ಅರಿಶಿನ, ಒಂದು ಚಮಚ ಸುಣ್ಣ, ಮೇಲೆ ನೀರು ಚಿಮುಕಿಸಿ ಉಜ್ಜಿದೆ. ಬೆರಳ ಸಂದಿಯಲ್ಲೇ ಹಳದಿ ಹೋಗಿ ಕೆಂಪಾಯಿತು. ನೆರಳಲ್ಲಿ ಒಣಗಿಸಿ, ಹಳೇ ಪಂಚೆಯಲ್ಲಿ ಜರಡಿ ಹಿಡಿದಿದ್ದೇನೆ.

ಉಮಿಯನ್ನು ತೆರೆದ ಬಾಣಲೆಯಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ಬೂದಿಯಾಗಿಬಿಡುತ್ತದೆ. ಮುಚ್ಚಳ ಮುಚ್ಚಿ ಹುರಿದರೆ ಒಳ್ಳೇ ಕಪ್ಪು. ಹಸಿರಿಗೆ ನೆರಳಲ್ಲಿ ಒಣಗಿಸಿದ ನುಗ್ಗೆ ಸೊಪ್ಪು, ಅದೇನೂ ಕಷ್ಟವಾಗಲಿಲ್ಲ.

ಬಿಳಿ ಮಣ್ಣು ಸಿಗದೆ ಸದ್ಯಕ್ಕೆ ಅಕ್ಕಿ ಹಿಟ್ಟು. ಭಾನುವಾರ ಸಂಜೆ 15 ಚುಕ್ಕಿಯ ರಂಗೋಲಿ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಒಂದು ಮೂಲೆಯ ಬಿಳಿಯೇ ಇಲ್ಲ! ಇರುವೆಗಳು ಸಾಲಾಗಿ ಹಿಟ್ಟು ಹೊತ್ತು ತುಳಸಿ ಕಟ್ಟೆಯ ಬಿರುಕಿಗೆ ಸಾಗಿಸುತ್ತಿದ್ದವು. ಹಳದಿ, ಕೆಂಪು ಎರಡನ್ನೂ ಮುಟ್ಟಿರಲಿಲ್ಲ. ಬಿಳಿ ಗೆರೆ ಇದ್ದ ಕಡೆ ಸಗಣಿ ನೆಲ ಕಾಣುತ್ತಿತ್ತು, ಅಕ್ಕಪಕ್ಕದ ಬಣ್ಣಗಳ ನಡುವೆ ಗೆರೆಯ ಆಕಾರ ಮಾತ್ರ ಹಾಗೇ ಉಳಿದಿತ್ತು. ಕಾಫಿ ಆರುವ ತನಕ ಅಲ್ಲೇ ಕೂತು ನೋಡಿದೆ. ನನ್ನ ಕೈಯ ರಂಗೋಲಿಗಿಂತ ಅದೇ ಚೆಂದ ಇತ್ತು.

ಮಣ್ಣು ಸಿಕ್ಕರೂ ಒಂದು ಮೂಲೆಗೆ ಅಕ್ಕಿ ಹಿಟ್ಟೇ ಹಾಕುತ್ತೇನೆ. ಮುಂದಿನ ವಾರ ಗೆರೆ ಎಳೆಯುವ ಅಭ್ಯಾಸ. ಈಗಿನ್ನೂ ಚಿಟಿಕೆಯಿಂದ ಪುಡಿ ಒಂದೇ ಸಮ ಬೀಳುತ್ತಿಲ್ಲ.