ಅದೇ ಶಾರ್ಕ್ ತಿರುಗಿ ಬಂದರೆ?

ಏನು ಕೆಲಸ ಮಾಡ್ತೀರಿ ಅಂತ ಕೇಳಿದವರಿಗೆ ನಾನು ಹೇಳುವುದು ಇಷ್ಟು: ಹವಳದ ದಿಬ್ಬಗಳ ನಡುವೆ ತೆಗೆದ ವಿಡಿಯೊ ನೋಡಿ ಶಾರ್ಕ್ ಎಣಿಸುತ್ತೇನೆ. ಆಮೇಲೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಎಣಿಸೋದು ಹೇಗೆ? ಹುಲಿಯಾದರೆ ಪಟ್ಟೆ ನೋಡಿ ಗುರುತು ಹಿಡಿಯಬಹುದು. ನೀರಿನೊಳಗೆ ಸುತ್ತುವ ಶಾರ್ಕ್‌ಗಳೆಲ್ಲ ನೋಡೋಕೆ ಒಂದೇ ಥರ ಅಲ್ವಾ?

ಈ ಪ್ರಶ್ನೆಯನ್ನು ಎಲ್ಲರಿಗಿಂತ ಚೊಕ್ಕವಾಗಿ ಕೇಳಿದ್ದು ಮಲ್ಪೆಯಲ್ಲಿರುವ ನನ್ನ ಮಾವ. ಮೂವತ್ತು ವರ್ಷ ಬೋಟಿಗೆ ಹೋದವರು. ನಮ್ಮ ಕಡೆ ಶಾರ್ಕ್‌ಗೆ ತಾಟೆ ಎನ್ನುತ್ತೇವೆ, ಕೊಂಕಣಿಯವರು ಮೋರಿ ಎನ್ನುತ್ತಾರೆ. "ಅದೇ ತಾಟೆ ತಿರುಗಿ ಬಂದ್ರೆ ಎಂತ ಮಾಡ್ತೀ? ಎರಡು ಅಂತ ಬರೀತೀಯಾ?" ಅಂದರು.

ಇಲ್ಲ ಮಾವ, ಎರಡು ಅಂತ ಬರೆಯುವುದಿಲ್ಲ. ಯಾಕೆ ಅಂತ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಸಾಮಾನು. ಒಂದು ಲೋಹದ ಚೌಕಟ್ಟು, ಅದರ ಮೇಲೆ ಒಂದು ಕ್ಯಾಮೆರಾ. ಕ್ಯಾಮೆರಾದ ಎದುರಿಗೆ ಚಾಚಿಕೊಂಡ ಒಂದು ಕೋಲು, ಕೋಲಿನ ತುದಿಗೆ ತಂತಿಯ ಬುಟ್ಟಿ. ಬುಟ್ಟಿಯೊಳಗೆ ಸುಮಾರು ಒಂದು ಕಿಲೊ ಜಜ್ಜಿದ ಮೀನು. ಬೂತಾಯಿಯಂಥ ಎಣ್ಣೆ ಇರುವ ಮೀನೇ ಆಗಬೇಕು, ಅದರ ವಾಸನೆ ನೀರಿನಲ್ಲಿ ದೂರದವರೆಗೆ ಹೋಗುತ್ತದೆ. ಇದನ್ನು ಹಗ್ಗ ಕಟ್ಟಿ ದಿಬ್ಬದ ಪಕ್ಕ ಇಳಿಸಿ, ಮೇಲೆ ಒಂದು ತೇಲುಬುರುಡೆ ಬಿಟ್ಟು, ದೋಣಿ ಆಚೆ ಹೋಗಿಬಿಡುತ್ತದೆ. ಮನುಷ್ಯ ನೀರಿಗೆ ಇಳಿಯುವುದೇ ಇಲ್ಲ. ಕ್ಯಾಮೆರಾ ಒಂದು ಗಂಟೆ ಸುಮ್ನೆ ನೋಡುತ್ತಾ ಕೂರುತ್ತದೆ.

ಆ ಒಂದು ಗಂಟೆ ನನ್ನ ಪರದೆ ಮೇಲೆ ಬರುತ್ತದೆ. ಮೊದಲ ಐದು ನಿಮಿಷ ಬರೀ ಮರಳು ಎದ್ದಿರುತ್ತದೆ. ಅದು ಕೆಳಗೆ ಕೂರುವ ಹೊತ್ತಿಗೆ ಸಣ್ಣ ಬಣ್ಣದ ಮೀನುಗಳು ಬುಟ್ಟಿಗೆ ಮುತ್ತುತ್ತವೆ. ಒಂದು ಹಾವುಮೀನು ಬಂಡೆಯ ಸಂದಿಯಿಂದ ಬಂದು ಬುಟ್ಟಿಯನ್ನು ಸುತ್ತಿಕೊಂಡು ಎಳೆದಾಡುತ್ತದೆ. ಆಮೇಲೆ, ಅದೃಷ್ಟವಿದ್ದರೆ, ಹಿಂದಿನ ನೀಲಿಯಲ್ಲಿ ಒಂದು ಮಸುಕು ಗೆರೆ ಕಾಣುತ್ತದೆ. ಅದು ಗೆರೆಯಾಗಿ ಬಂದು, ದೇಹವಾಗಿ, ಕ್ಯಾಮೆರಾದ ಮುಂದೆ ಅಡ್ಡ ಹೋಗುವಾಗ ನಾನು ವಿಡಿಯೊ ನಿಲ್ಲಿಸುತ್ತೇನೆ. ಬಾಲದ ಹಿಂದಿನ ಅಂಚಿಗೆಲ್ಲ ಅಗಲವಾಗಿ ಕಪ್ಪು ಬಳಿದಂತಿದ್ದರೆ ಬೂದು ದಿಬ್ಬದ ಶಾರ್ಕ್. ಬೆನ್ನಿನ ರೆಕ್ಕೆಯ ತುದಿ ಕಪ್ಪಗಿದ್ದು ಅದರ ಕೆಳಗೆ ಬಿಳಿ ಪಟ್ಟಿ ಇದ್ದರೆ ಕಪ್ಪುತುದಿ. ತುದಿ ಬೆಳ್ಳಗಿದ್ದು ಮೂತಿ ಮೊಂಡಾಗಿದ್ದರೆ ಬಿಳಿತುದಿ. ಈ ಬಿಳಿತುದಿಯ ಬಗ್ಗೆ ಒಂದು ಮಾತು. ಶಾರ್ಕ್ ಈಜುವುದನ್ನು ನಿಲ್ಲಿಸಿದರೆ ಸಾಯುತ್ತದೆ ಅಂತ ಹೇಳುತ್ತಾರಲ್ಲ, ಇದು ಹಗಲೆಲ್ಲ ಗುಹೆಯ ನೆಲದ ಮೇಲೆ ಮಲಗಿರುತ್ತದೆ. ಬಾಯಿ ತೆರೆದು ಮುಚ್ಚಿ ಕಿವಿರಿಗೆ ನೀರು ತಳ್ಳಿಕೊಳ್ಳುತ್ತದೆ. ರಾತ್ರಿಯಾದರೆ ಎದ್ದು ಬಂಡೆಯ ಸಂದಿಗಳಲ್ಲಿ ತಲೆ ತೂರಿಸಿ ಬೇಟೆಯಾಡುತ್ತದೆ.

ಈಗ ಎಣಿಕೆ. ಒಂದು ಬೂದು ಶಾರ್ಕ್ ಬಂತು, ಹೋಯಿತು. ಎರಡು ನಿಮಿಷ ಬಿಟ್ಟು ಇನ್ನೊಂದು ಬಂತು. ಅದೇನಾ, ಬೇರೆಯದಾ? ಹೇಳಲಾಗುವುದಿಲ್ಲ. ಹಾಗಾಗಿ ನಾವು ಬಂದ ಸಲವನ್ನು ಲೆಕ್ಕ ಮಾಡುವುದಿಲ್ಲ. ಇಡೀ ಒಂದು ಗಂಟೆಯಲ್ಲಿ ಒಂದೇ ಚಿತ್ರದಲ್ಲಿ, ಒಂದೇ ಕ್ಷಣದಲ್ಲಿ, ಒಂದು ಜಾತಿಯ ಶಾರ್ಕ್ ಅತಿ ಹೆಚ್ಚು ಅಂದರೆ ಎಷ್ಟು ಕಂಡವು ಎಂದು ನೋಡುತ್ತೇವೆ. ಇಪ್ಪತ್ತು ಸಲ ಒಂದೊಂದಾಗಿ ಬಂದರೂ 1 ಅಂತಲೇ ಬರೆಯುವುದು. ಒಂದೇ ಚಿತ್ರದಲ್ಲಿ ಮೂರು ಒಟ್ಟಿಗೆ ಸಿಕ್ಕರೆ 3. ಇದಕ್ಕೆ ಮ್ಯಾಕ್ಸ್‌ಎನ್ ಅಂತ ಹೆಸರು. ಒಂದೇ ವಿಡಿಯೊವನ್ನು ಇಬ್ಬರು ಬೇರೆ ಬೇರೆ ಕೂತು ನೋಡುತ್ತೇವೆ. ಲೆಕ್ಕ ತಾಳೆಯಾಗದಿದ್ದರೆ ಮೂರನೆಯವರು ನೋಡುತ್ತಾರೆ.

"ಹಾಗಾದ್ರೆ ಲೆಕ್ಕ ಕಡಿಮೆ ಬರ್ತದಲ್ಲ?" ಅಂದರು ಮಾವ. ಹೌದು, ಕಡಿಮೆಯೇ ಬರುತ್ತದೆ. ಆದರೆ ಎಲ್ಲ ಕಡೆಯೂ ಅದೇ ರೀತಿ ಕಡಿಮೆ ಬರುತ್ತದೆ. ಆಗುಂಬೆಯಲ್ಲಿ ಬಿದ್ದ ಮಳೆಯನ್ನೆಲ್ಲ ಯಾರೂ ಕೊಡದಲ್ಲಿ ಹಿಡಿದು ಅಳೆಯುವುದಿಲ್ಲ. ಒಂದೇ ಅಳತೆಯ ಡಬ್ಬಿಯನ್ನು ಆಗುಂಬೆಯಲ್ಲೂ ಇಡುತ್ತಾರೆ, ಚಿತ್ರದುರ್ಗದಲ್ಲೂ ಇಡುತ್ತಾರೆ. ಎಲ್ಲಿ ಜಾಸ್ತಿ, ಎಲ್ಲಿ ಕಡಿಮೆ ಅಂತ ತಿಳಿಯಲು ಅಷ್ಟು ಸಾಕು. ನಮ್ಮ ಬುಟ್ಟಿ ಮತ್ತು ಕ್ಯಾಮೆರಾ ಕೂಡ ಅಂಥದೇ ಡಬ್ಬಿ.

ಇಷ್ಟು ಹೇಳಿದ ಮೇಲೆ, ಜನ ಕೇಳದೇ ಬಿಡುವ ಒಂದು ಸಂಗತಿಗೆ ಬರುತ್ತೇನೆ. ನಾನು ಜಾಸ್ತಿ ಸಲ ಬರೆಯುವ ಅಂಕಿ 0.

ಒಂದು ವಿಡಿಯೊದಲ್ಲಿ 0 ಬಂದರೆ ಏನೂ ಅರ್ಥವಿಲ್ಲ. ಆ ಹೊತ್ತಿಗೆ ಶಾರ್ಕ್ ಆಚೆ ಕಡೆ ಹೋಗಿರಬಹುದು, ನೀರು ಕದಡಿರಬಹುದು. ಅದೇ ದಿಬ್ಬದಲ್ಲಿ ಹತ್ತು, ಇಪ್ಪತ್ತು, ಐವತ್ತು ಸಲ ಇಳಿಸಿದರೂ 0 ಬಂದರೆ ಅದು ಬೇರೆಯೇ ಮಾತು. 2015ರಲ್ಲಿ ಶುರುವಾದ ಗ್ಲೋಬಲ್ ಫಿನ್‌ಪ್ರಿಂಟ್ ಎಂಬ ಸಮೀಕ್ಷೆ ಇದೇ ಕ್ಯಾಮೆರಾ ವಿಧಾನದಲ್ಲಿ ಜಗತ್ತಿನ ನೂರಾರು ಹವಳದ ದಿಬ್ಬಗಳನ್ನು ಸುತ್ತಿತು. 2020ರಲ್ಲಿ ನೇಚರ್ ಪತ್ರಿಕೆಯಲ್ಲಿ ಮೊದಲ ದೊಡ್ಡ ಫಲಿತಾಂಶ ಬಂತು. 58 ದೇಶ ಮತ್ತು ಪ್ರದೇಶಗಳ 371 ದಿಬ್ಬ, 15,000 ಗಂಟೆಗೂ ಜಾಸ್ತಿ ವಿಡಿಯೊ. ಅದರಲ್ಲಿ ಸುಮಾರು ಐದರಲ್ಲಿ ಒಂದು ದಿಬ್ಬದಲ್ಲಿ ಒಂದೇ ಒಂದು ಶಾರ್ಕ್ ಕಾಣಲಿಲ್ಲ. ಕೀನ್ಯಾ, ವಿಯೆಟ್ನಾಂ, ಕತಾರ್, ಡೊಮಿನಿಕನ್ ರಿಪಬ್ಲಿಕ್, ಜೊತೆಗೆ ಕೆರಿಬಿಯನ್ನಿನ ಫ್ರೆಂಚ್ ದ್ವೀಪಗಳು ಮತ್ತು ಕೆಲವು ಡಚ್ ದ್ವೀಪಗಳು. ಈ ಆರು ಕಡೆ ಸೇರಿ 800 ಗಂಟೆಗೂ ಮೀರಿದ ವಿಡಿಯೊದಲ್ಲಿ ಕಂಡದ್ದು ಬರೀ 3 ಶಾರ್ಕ್.

ಎಂಟುನೂರು ಗಂಟೆ! ದಿನಕ್ಕೆ ಎಂಟು ಗಂಟೆ ಕೂತರೂ ನೂರು ದಿನ. ಆ ವಿಡಿಯೊಗಳನ್ನು ನೋಡಿದವರನ್ನು ನೆನೆದರೆ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಶಾರ್ಕ್ ಕಂಡಾಗ ಎಣಿಸುವುದು ಖುಷಿಯ ಕೆಲಸ. ಬುಟ್ಟಿಯ ಮೀನು ಸಣ್ಣ ಮೀನುಗಳ ಬಾಯಿಗೆ ಹೋಗಿ ಖಾಲಿಯಾಗುವುದನ್ನು ಗಂಟೆಗಟ್ಟಲೆ ನೋಡಿ 0 ಬರೆಯುವುದು ಹಾಗಲ್ಲ.

2023ರಲ್ಲಿ ಅದೇ ಸಮೀಕ್ಷೆಯ ಇನ್ನೊಂದು ಫಲಿತಾಂಶ ಸೈನ್ಸ್ ಪತ್ರಿಕೆಯಲ್ಲಿ ಬಂತು. ದಿಬ್ಬಗಳಲ್ಲಿ ಅತಿ ಸಾಮಾನ್ಯವಾದ ಐದು ಜಾತಿಗಳು, ಅಂದರೆ ಬೂದು, ಕಪ್ಪುತುದಿ, ಬಿಳಿತುದಿ, ಕೆರಿಬಿಯನ್ ದಿಬ್ಬದ ಶಾರ್ಕ್ ಮತ್ತು ನರ್ಸ್ ಶಾರ್ಕ್, ಶೇ. 60ರಿಂದ 73ರಷ್ಟು ಕುಸಿದಿವೆ ಎಂದು. ಇಲ್ಲೊಂದು ನ್ಯಾಯವಾದ ಪ್ರಶ್ನೆ ಏಳುತ್ತದೆ. ಮೊದಲು ಎಷ್ಟಿದ್ದವು ಅಂತ ಯಾರು ಎಣಿಸಿಟ್ಟಿದ್ದರು? ಬಹಳ ಕಡೆ ಯಾರೂ ಎಣಿಸಿರಲಿಲ್ಲ. ಮನುಷ್ಯರ ಕಾಟ ಇಲ್ಲದಿದ್ದರೆ ಅಂಥ ದಿಬ್ಬದಲ್ಲಿ ಎಷ್ಟು ಇರಬೇಕಿತ್ತು ಅಂತ ಎಲ್ಲ ದಿಬ್ಬಗಳ ಲೆಕ್ಕ ಇಟ್ಟು ಅಂದಾಜು ಕಟ್ಟುತ್ತಾರೆ. ಅದರ ಜೊತೆ ಈಗಿನದನ್ನು ಹೋಲಿಸುತ್ತಾರೆ. ಶಾರ್ಕ್ ಇಲ್ಲವಾದ ಕಡೆ ತೊರಕೆ (ಚಪ್ಪಟೆ ಮೈಯ ರೇ) ಮೀನುಗಳ ಪಾಲು ಜಾಸ್ತಿಯಾಗಿರುವುದೂ ಆ ವಿಡಿಯೊಗಳಲ್ಲೇ ಕಂಡಿತು.

ಬೂತಾಯಿ ಒಂದು ವರ್ಷ ಕಡಿಮೆಯಾದರೆ ಇನ್ನೊಂದು ವರ್ಷ ಬಂದೀತು. ಅದು ವರ್ಷದೊಳಗೆ ಬಲಿಯುತ್ತದೆ, ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಬೂದು ಶಾರ್ಕ್ ಮರಿ ಹಾಕುವ ವಯಸ್ಸಿಗೆ ಬರಲು ಏಳೆಂಟು ವರ್ಷವಾದರೂ ಬೇಕು. ಹೊಟ್ಟೆಯಲ್ಲಿ ಮರಿ ಬೆಳೆಯಲು ಸುಮಾರು ಒಂದು ವರ್ಷ. ಹಾಕುವುದು ಒಂದರಿಂದ ಆರು ಮರಿ. ಲೆಕ್ಕ ನೀವೇ ಹಾಕಿ.

ಯಾಕೆ ಖಾಲಿಯಾಯಿತು ಅಂದರೆ ಮೀನುಗಾರಿಕೆ. ಆದರೆ ಮೀನುಗಾರರನ್ನು ಬೈಯುವ ಮಾತು ನನ್ನ ಬಾಯಿಂದ ಬರುವುದಿಲ್ಲ, ನಾನೂ ಆ ಅನ್ನ ತಿಂದು ಬೆಳೆದವಳು. ಮನೆಯಲ್ಲಿ ಬಾಣಂತಿಗೆ ಮರಿ ತಾಟೆಯ ಸಾರು ಮಾಡುವುದನ್ನು ನೋಡಿದ್ದೇನೆ. ಸಮೀಕ್ಷೆ ತೋರಿಸಿದ್ದು ಬೇರೆ. ದೊಡ್ಡ ಮಾರುಕಟ್ಟೆ ಹತ್ತಿರವಿದ್ದಷ್ಟೂ, ಸುತ್ತ ಬಡತನ ಇದ್ದಷ್ಟೂ, ಆಡಳಿತ ಸಡಿಲವಾಗಿದ್ದಷ್ಟೂ ಶಾರ್ಕ್ ಕಡಿಮೆ. ಮೀನಿನ ಕಿವಿರು ಸಿಕ್ಕಿಬೀಳುವ ಬಲೆ ಮತ್ತು ನೂರಾರು ಗಾಳ ಕಟ್ಟಿದ ಉದ್ದದ ಹಗ್ಗ ಬಳಸುವ ಕಡೆ ಇನ್ನೂ ಕಡಿಮೆ. ಅದಕ್ಕೇ ಆ ಎರಡನ್ನು ನಿಲ್ಲಿಸಿದ ಕಡೆ, ಹಿಡಿಯುವುದಕ್ಕೆ ಮಿತಿ ಹಾಕಿದ ಕಡೆ ವ್ಯತ್ಯಾಸ ಕಾಣುತ್ತದೆ.

ನಮಗೆ ಹತ್ತಿರದ ಉದಾಹರಣೆ ಮಾಲ್ಡೀವ್ಸ್. ಲಕ್ಷದ್ವೀಪದ ಮಿನಿಕಾಯ್‌ನವರ ಭಾಷೆಯೂ ಅಲ್ಲಿಯ ಭಾಷೆಯೂ ಒಂದೇ ಬೇರಿನದು, ದಿಬ್ಬಗಳೂ ಒಂದೇ ಸಾಲಿನವು. 1990ರ ದಶಕದ ಆರಂಭದಲ್ಲಿ ಅಲ್ಲಿ ಒಂದು ಲೆಕ್ಕ ಮಾಡಿದರು. ಒಂದು ಬೂದು ಶಾರ್ಕ್ ಹಿಡಿದು ಮಾರಿದರೆ ಒಮ್ಮೆಗೆ ಸುಮಾರು 32 ಡಾಲರ್. ಅದನ್ನು ನೋಡಲು ನೀರಿಗಿಳಿಯುವ ಪ್ರವಾಸಿಗರಿಂದ ಅದೇ ಶಾರ್ಕ್ ತರುವುದು ವರ್ಷಕ್ಕೆ ಸುಮಾರು 3,300 ಡಾಲರ್. 2010ರಲ್ಲಿ ಅಲ್ಲಿ ಶಾರ್ಕ್ ಹಿಡಿಯುವುದನ್ನೇ ನಿಷೇಧಿಸಿದರು. ಪ್ರವಾಸಿಗರಿಲ್ಲದ ಊರಿಗೆ ಈ ಲೆಕ್ಕ ನಡೆಯುವುದಿಲ್ಲ ಎಂಬುದನ್ನೂ ಸೇರಿಸುತ್ತೇನೆ. ಭಾರತ 2015ರಲ್ಲಿ ಶಾರ್ಕ್ ರೆಕ್ಕೆಯ ರಫ್ತು ನಿಲ್ಲಿಸಿತು. ಮಾಂಸ ನಮ್ಮ ಮಾರುಕಟ್ಟೆಯಲ್ಲಿ ಇವತ್ತಿಗೂ ಸಿಗುತ್ತದೆ.

ಇನ್ನು ತುಂಬಿದ ದಿಬ್ಬ ಹೇಗಿರುತ್ತದೆ ಅಂದರೆ ಫ್ರೆಂಚ್ ಪಾಲಿನೇಷ್ಯದ ಫಕರಾವ ನೋಡಬೇಕು. ಸಮುದ್ರದಿಂದ ಲಗೂನಿಗೆ, ಅಂದರೆ ದಿಬ್ಬ ಸುತ್ತುವರಿದ ಒಳನೀರಿಗೆ, ನೀರು ಹರಿಯುವ ಒಂದು ಇಕ್ಕಟ್ಟಾದ ದಾರಿಯಲ್ಲಿ 700ರವರೆಗೆ ಬೂದು ಶಾರ್ಕ್. ಅಷ್ಟಕ್ಕೆ ಊಟ ಎಲ್ಲಿಂದ ಅಂತ ಸಂಶೋಧಕರಿಗೂ ತಲೆಬಿಸಿಯಾಗಿತ್ತು. ವರ್ಷಕ್ಕೊಮ್ಮೆ ಸಾವಿರಗಟ್ಟಲೆ ಮುರು ಮೀನಿನ (ಗ್ರೂಪರ್) ಜಾತಿಯವು ಮೊಟ್ಟೆ ಇಡಲು ದೂರದಿಂದ ಬಂದು ಅಲ್ಲೇ ಸೇರುತ್ತವೆ. ರಾತ್ರಿ ಹೊತ್ತು ಶಾರ್ಕ್‌ಗಳಿಗೆ ಹಬ್ಬ.

ನನಗೆ ಜಾಸ್ತಿ ಧೈರ್ಯ ಕೊಡುವುದು ಮಾತ್ರ ಫಕರಾವ ಅಲ್ಲ, ಆಸ್ಟ್ರೇಲಿಯದ ವಾಯವ್ಯದಲ್ಲಿರುವ ಆಶ್ಮೋರ್ ದಿಬ್ಬ. ಅದು 1983ರಿಂದ ಕಾಗದದ ಮೇಲೆ ರಕ್ಷಿತ ಪ್ರದೇಶ, ಆದರೂ ಶಾರ್ಕ್ ಬೇಟೆ ನಡೆಯುತ್ತಿತ್ತು. 2008ರಿಂದ ಕಾವಲು ದೋಣಿ ಅಲ್ಲೇ ನಿಂತಿತು. 2004ರಲ್ಲಿ ಬುಟ್ಟಿ ಕ್ಯಾಮೆರಾ ಇಳಿಸಿದ್ದರು, 2016ರಲ್ಲಿ ಮತ್ತೆ ಇಳಿಸಿದರು. ಬೂದು ಶಾರ್ಕ್ ನಾಲ್ಕು ಪಟ್ಟಿಗಿಂತ ಜಾಸ್ತಿಯಾಗಿತ್ತು. 2004ರಲ್ಲೇ ಯಾರೋ ಬೇಜಾರಿಲ್ಲದೆ ಸಣ್ಣ ಅಂಕಿಗಳನ್ನು ಸರಿಯಾಗಿ ಬರೆದಿಟ್ಟಿದ್ದರಿಂದಲೇ ಇದು ಗೊತ್ತಾಯಿತು.

ಮಾವನಿಗೆ ಒಂದು ಖಾಲಿ ವಿಡಿಯೊ ತೋರಿಸಿದ್ದೆ. ಐದು ನಿಮಿಷ ನೋಡಿ ಎದ್ದು ಹೋಗುತ್ತಾರೆ ಅಂದುಕೊಂಡಿದ್ದೆ, ಪೂರ್ತಿ ಒಂದು ಗಂಟೆ ಕೂತರು. ಬುಟ್ಟಿ ಖಾಲಿಯಾದಾಗ "ಇಷ್ಟು ಬೂತಾಯಿ ಇಟ್ಟೂ ಒಂದೂ ಬರ್ಲಿಲ್ಲ ಅಲ್ವಾ" ಅಂದರು. ನಾನು 0 ಬರೆದೆ. ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿಕೊಂಡು, ಕುರ್ಚಿ ಇನ್ನಷ್ಟು ಹತ್ತಿರ ಎಳೆದರು. "ಇನ್ನೊಂದು ಹಾಕು, ನೋಡುವ."