ಸಮ್ಮೇಳನದ ಟಾಕ್‌ಗಳೆಲ್ಲ ಯೂಟ್ಯೂಬಿಗೆ ಬರುತ್ತವಲ್ಲ, ಹೋಗಿ ಕೂರುವುದೇಕೆ?

ವೆಬ್ ಡೆವಲಪರ್‌ಗಳ ಸಮ್ಮೇಳನಕ್ಕೆ ಹೊರಟಿದ್ದೇನೆ ಎಂದು ಬಾಯಿಬಿಟ್ಟರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಈಗಷ್ಟೇ ಕೆಲಸಕ್ಕೆ ಸೇರಿದವರು ಕೇಳುತ್ತಾರೆ, ಖರ್ಚಿಗೆ ಒಪ್ಪಿಗೆ ಕೊಡಬೇಕಾದ ಮ್ಯಾನೇಜರ್ ಕೇಳುತ್ತಾರೆ, ಕೋಡ್ ಎಂದರೇನೆಂದೇ ತಿಳಿಯದ ಮನೆಯವರೂ ಕೇಳುತ್ತಾರೆ. "ಸ್ವಲ್ಪ ದಿನ ಕಾದರೆ ವಿಡಿಯೋ ಬಿಟ್ಟಿ ಸಿಗುತ್ತದೆ, ಒಂದೂವರೆ ಪಟ್ಟು ವೇಗದಲ್ಲಿ ನೋಡಿ ಮುಗಿಸಬಹುದು. ಅಷ್ಟಕ್ಕೆ ರಜೆ ಹಾಕಿ, ಟಿಕೆಟ್ ಕೊಂಡು, ದಿನವಿಡೀ ಕುರ್ಚಿಗೆ ಅಂಟಿಕೊಂಡು ಕೂರಬೇಕಾ?"

ನ್ಯಾಯವಾದ ಪ್ರಶ್ನೆಯೇ. ಕಲಿಯುವುದೊಂದೇ ಗುರಿಯಾಗಿದ್ದರೆ ವಿಡಿಯೋ ಸಾಕು. ಬಹಳ ಸಲ ವಿಡಿಯೋವೇ ವಾಸಿ. ವೆಬ್ ಪುಟಗಳಿಗೆ ಜೀವ ತುಂಬುವ ಜಾವಾಸ್ಕ್ರಿಪ್ಟ್ ಭಾಷೆಯ ಸಮ್ಮೇಳನವಾದ ಜೆಎಸ್‌ಕಾನ್ಫ್ ಯುರೋಪಿನಲ್ಲಿ, 2014ರಲ್ಲಿ, ಫಿಲಿಪ್ ರಾಬರ್ಟ್ಸ್ ಆ ಭಾಷೆಯ ಈವೆಂಟ್ ಲೂಪ್ (ಯಾವ ಕೆಲಸ ಯಾವಾಗ ಓಡಬೇಕೆಂದು ನೋಡಿಕೊಳ್ಳುವ ವ್ಯವಸ್ಥೆ) ಬಗ್ಗೆ ಮಾತಾಡಿದ್ದನ್ನು ನೀವು ನೋಡಿರಬಹುದು. ಓಡುತ್ತಿರುವ ಕೆಲಸಗಳ ಪೇರಿಕೆಯಾದ ಕಾಲ್ ಸ್ಟ್ಯಾಕ್‌ನಲ್ಲಿ ಫಂಕ್ಷನ್‌ಗಳು ಒಂದರ ಮೇಲೊಂದು ಕೂರುವುದು, ಇಷ್ಟು ಹೊತ್ತಾದ ಮೇಲೆ ಓಡಿಸು ಎನ್ನುವ ಸೆಟ್‌ಟೈಮ್‌ಔಟ್‌ಗೆ ಸೊನ್ನೆ ಕೊಟ್ಟರೂ ಅದಕ್ಕೆ ವಹಿಸಿದ ಕೆಲಸ (ಕಾಲ್‌ಬ್ಯಾಕ್) ಸ್ಟ್ಯಾಕ್ ಖಾಲಿಯಾಗುವ ತನಕ ಸರದಿಯಲ್ಲಿ ಕಾಯುವುದು, ಎಲ್ಲವನ್ನೂ ಅವರು ತಾವೇ ಬರೆದ ಪುಟ್ಟ ಪ್ರೋಗ್ರಾಮಿನಲ್ಲಿ ಕಣ್ಣಿಗೆ ಕಟ್ಟುವಂತೆ ಓಡಿಸಿ ತೋರಿಸಿದರು. ಅಂಥದ್ದನ್ನು ನಡುವೆ ನಿಲ್ಲಿಸಿ, ಹಿಂದಕ್ಕೆ ಎಳೆದು, ಪಕ್ಕದಲ್ಲಿ ಬ್ರೌಸರ್ ತೆರೆದುಕೊಂಡು ನೋಡಿದರೇ ತಲೆಗೆ ಹತ್ತುವುದು. ಹಾಲ್‌ನ ಕೊನೆಯ ಸಾಲಿನಲ್ಲಿ ಕೂತು, ಮುಂದಿನವರ ತಲೆಯ ಸಂದಿಯಿಂದ ಇಣುಕಿ ನೋಡಿ ಏನೂ ಹೆಚ್ಚು ಸಿಗುವುದಿಲ್ಲ.

ಹಾಗಾದರೆ ನಾನು ಹೋಗುವುದು ಏಕೆ? ಕೇಳಲಿಕ್ಕೆ. ಕಿವಿಯಿಂದ ಕೇಳುವುದಷ್ಟೇ ಅಲ್ಲ, ಬಾಯಿಬಿಟ್ಟು ಕೇಳಲಿಕ್ಕೆ. ಒಂದು ಟಾಕ್ ನನಗೆ ಏನು ಕಲಿಸಿತು ಎಂದು ನಾನು ಲೆಕ್ಕ ಹಾಕುವುದಿಲ್ಲ. ಅದು ಮುಗಿದ ಮೇಲೆ ಆ ಸ್ಪೀಕರ್ ಹತ್ತಿರ ಹೋಗಿ ಕೇಳಲೇಬೇಕು ಎನ್ನಿಸುವ ಪ್ರಶ್ನೆ ಹುಟ್ಟಿತೇ, ಇಲ್ಲವೇ ಎಂದಷ್ಟೇ ನೋಡುತ್ತೇನೆ.

ಡಾಕ್ಯುಮೆಂಟೇಶನ್ ಓದಿದರೆ ಒಂದು ಲೈಬ್ರರಿಯನ್ನು (ಸಿದ್ಧ ಕೋಡಿನ ಕಟ್ಟನ್ನು) ಹೇಗೆ ಬಳಸಬೇಕೆಂದು ತಿಳಿಯುತ್ತದೆ. ಅದನ್ನು ಹಾಗೆ ಯಾಕೆ ಕಟ್ಟಿದರು, ಕಟ್ಟುವಾಗ ಏನನ್ನು ಬಿಟ್ಟುಕೊಟ್ಟರು, ಈಗ ಆ ಬಗ್ಗೆ ಅವರಿಗೇನನ್ನಿಸುತ್ತದೆ, ಇದನ್ನೆಲ್ಲ ಅಲ್ಲಿ ಯಾರೂ ಬರೆದಿಡುವುದಿಲ್ಲ. ರಯಾನ್ ಡಾಲ್ ಅವರ ಎರಡು ಟಾಕ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2009ರ ನವೆಂಬರಿನಲ್ಲಿ, ಬರ್ಲಿನ್‌ನ ಜೆಎಸ್‌ಕಾನ್ಫ್ ಯುರೋಪಿನಲ್ಲಿ, ಅವರು ತಾವು ಕಟ್ಟಿದ, ಜಾವಾಸ್ಕ್ರಿಪ್ಟನ್ನು ಬ್ರೌಸರಿನ ಹೊರಗೆ ಸರ್ವರಿನಲ್ಲಿ ಓಡಿಸುವ ನೋಡ್ ಜೆಎಸ್ ಅನ್ನು ತೋರಿಸಿದರು. ಡೇಟಾಬೇಸಿಗೋ ಡಿಸ್ಕಿಗೋ ಏನಾದರೂ ಕೇಳಿ, ಉತ್ತರ ಬರುವ ತನಕ ಇಡೀ ಪ್ರೋಗ್ರಾಮ್ ಕೈಕಟ್ಟಿ ನಿಲ್ಲುವುದೇಕೆ ಎಂಬುದು ಅವರ ತಕರಾರು. 2018ರಲ್ಲಿ ಅದೇ ಸಮ್ಮೇಳನಕ್ಕೆ ಮರಳಿ ಬಂದು, ನೋಡ್ ಬಗ್ಗೆ ತಮಗೆ ಪಶ್ಚಾತ್ತಾಪವಿರುವ 10 ಸಂಗತಿಗಳನ್ನು ಹೇಳುತ್ತೇನೆಂದು ನಿಂತರು. ಮುಂದೆ ಬರಲಿರುವ ಉತ್ತರಕ್ಕೆ ಜಾಗ ಹಿಡಿದಿಡುವ ಪ್ರಾಮಿಸ್‌ಗಳನ್ನು 2009ರಲ್ಲಿ ಸೇರಿಸಿ 2010ರಲ್ಲಿ ಕಿತ್ತುಹಾಕಿದ್ದು, ಯಾವುದೇ ಸ್ಕ್ರಿಪ್ಟಿಗೂ ಫೈಲು ನೆಟ್‌ವರ್ಕುಗಳನ್ನು ಮುಟ್ಟಲು ಸಲೀಸಾಗಿ ಬಿಟ್ಟಿದ್ದು, ನಾವೆಲ್ಲ ಬೈದುಕೊಳ್ಳುವ ಬೇರೆಯವರ ಕೋಡೆಲ್ಲ ಬಂದು ತುಂಬಿಕೊಳ್ಳುವ ಆ ದೈತ್ಯ ನೋಡ್-ಮಾಡ್ಯೂಲ್ಸ್ ಫೋಲ್ಡರು, ಎಲ್ಲವೂ ಆ ಪಟ್ಟಿಯಲ್ಲಿದ್ದವು. ಕೊನೆಗೆ ಈ ತಪ್ಪುಗಳನ್ನು ಸರಿಪಡಿಸಲೆಂದು ಡೆನೋ ಎಂಬ ಹೊಸ ಯೋಜನೆಯನ್ನು ಎಲ್ಲರ ಮುಂದಿಟ್ಟರು. ತಾನು ಕಟ್ಟಿದ್ದನ್ನು ಜಗತ್ತೇ ಬಳಸುತ್ತಿರುವಾಗ ಅದರ ಮುಂದೆ ನಿಂತು ಹೀಗೆ ಮಾತಾಡುವುದಕ್ಕೆ ಟಾಕ್ ಬಿಟ್ಟರೆ ಬೇರೆ ಜಾಗವಿದೆಯೇ? ನನಗಂತೂ ಕಾಣುವುದಿಲ್ಲ.

ಅದೂ ಯೂಟ್ಯೂಬಿನಲ್ಲಿದೆಯಲ್ಲ ಎನ್ನುತ್ತೀರಿ. ಇದೆ. ಆದರೆ ಇಂಥ ಮಾತು ಕೇಳಿದ ಕೂಡಲೇ ಎದೆಯಲ್ಲಿ ಏಳುವ ಮರುಪ್ರಶ್ನೆಯನ್ನು ವಿಡಿಯೋದ ಕೆಳಗೆ ಬರೆದು ಉತ್ತರಕ್ಕೆ ಕಾಯುವುದಕ್ಕೂ, ವೇದಿಕೆಯ ಮೆಟ್ಟಿಲ ಹತ್ತಿರ ಆ ಮನುಷ್ಯನನ್ನೇ ನಿಲ್ಲಿಸಿ ಕೇಳುವುದಕ್ಕೂ ಬಹಳ ಅಂತರವಿದೆ. ರೆಕಾರ್ಡ್ ಆಗುವ ಮಾತು ಎಷ್ಟೆಂದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಸ್ಲೈಡುಗಳನ್ನು ಕಂಪನಿಯವರು ನೋಡಿ ಒಪ್ಪಿರುತ್ತಾರೆ. "ಮೈಗ್ರೇಶನ್‌ನಲ್ಲಿ ಕೆಲವು ಸವಾಲುಗಳಿದ್ದವು" ಎಂಬ ಒಂದು ಸಾಲಿನ ಹಿಂದೆ, ಹಳೆಯ ಫ್ರೇಮ್‌ವರ್ಕ್‌ನಿಂದ (ಸೈಟು ಕಟ್ಟುವ ಚೌಕಟ್ಟಿನಿಂದ) ಹೊಸದಕ್ಕೆ ಬದಲಾಗುವಾಗ ಎರಡನ್ನೂ ಒಂದೇ ಪುಟದಲ್ಲಿ ತಿಂಗಳುಗಟ್ಟಲೆ ಹೊತ್ತುಕೊಂಡು, ಬ್ರೌಸರಿಗೆ ಕಳಿಸುವ ಕೋಡಿನ ಬಂಡಲ್ ಊದಿಕೊಂಡು, ಅರ್ಧಕ್ಕೇ ಬಿಟ್ಟುಬಿಡೋಣ ಎಂದು ತಂಡವೇ ಜಗಳಾಡಿದ ಕತೆ ಇರುತ್ತದೆ. ಮೈಕ್ ಆಫ್ ಆದ ಮೇಲೆ, ಒಂದು ಸರಿಯಾದ ಪ್ರಶ್ನೆ ಕೇಳಿದರೆ, ಅದು ಹೊರಗೆ ಬರುತ್ತದೆ. ನಾಳೆ ಅದೇ ಮೈಗ್ರೇಶನ್‌ಗೆ ಕೈಹಾಕುವವರಿಗೆ ಬೇಕಾಗಿರುವುದು ಆ ಕತೆಯೇ ತಾನೆ?

ಎದುರಿಗೆ ಕೂತವರಿಂದ ಸ್ಪೀಕರಿಗೂ ಲಾಭವಿದೆ ಎನ್ನುವುದನ್ನು ಜನ ಮರೆಯುತ್ತಾರೆ. 2013ರ ಮೇ ತಿಂಗಳಲ್ಲಿ ಅಮೆರಿಕದ ಜೆಎಸ್‌ಕಾನ್ಫ್‌ನಲ್ಲಿ ಫೇಸ್‌ಬುಕ್‌ನ ಟಾಮ್ ಒಕಿನೊ ಮತ್ತು ಜೋರ್ಡನ್ ವಾಕ್, ಪುಟದ ಭಾಗಗಳನ್ನು ಕಟ್ಟುವ ರಿಯಾಕ್ಟ್ ಲೈಬ್ರರಿಯನ್ನು ಮೊದಲ ಸಲ ಹೊರಗಿನವರ ಮುಂದಿಟ್ಟಾಗ ಬಹಳ ಮಂದಿ ಮೂಗು ಮುರಿದರು. ಪುಟದ ರಚನೆ ಬರೆಯುವ ಎಚ್‌ಟಿಎಂಎಲ್ ಬೇರೆ, ಜಾವಾಸ್ಕ್ರಿಪ್ಟ್ ಬೇರೆ ಎಂದು ವರ್ಷಗಳಿಂದ ಪಾಠ ಹೇಳಿಸಿಕೊಂಡವರಿಗೆ, ಎರಡನ್ನೂ ಒಂದೇ ಫೈಲಿಗೆ ಕಲಸಿದ ರಿಯಾಕ್ಟ್‌ನ ಜೆಎಸ್‌ಎಕ್ಸ್ ಬರವಣಿಗೆ ಹಿಂದಕ್ಕೆ ಹೋದಂತೆ ಕಂಡಿತು. ಅದೇ ವರ್ಷ ಯುರೋಪಿನ ಸಮ್ಮೇಳನದಲ್ಲಿ ರಿಯಾಕ್ಟ್ ತಂಡದ ಪೀಟ್ ಹಂಟ್ ನಿಂತು ಮಾತಾಡಿದ್ದು ನೇರವಾಗಿ ಈ ಆಕ್ಷೇಪದ ಬಗ್ಗೆಯೇ. ಎಚ್‌ಟಿಎಂಎಲ್ ಅನ್ನು ಬೇರೆ ಫೈಲಿನಲ್ಲಿಡುವ ಟೆಂಪ್ಲೇಟ್‌ಗಳು ಬೇರ್ಪಡಿಸುವುದು ತಂತ್ರಜ್ಞಾನಗಳನ್ನೇ ಹೊರತು ಹೊಣೆಗಳನ್ನಲ್ಲ ಎಂದು ಅವರು ವಾದಿಸಿದರು. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಕೇಳಿದವರ ಅನುಮಾನ ಇಲ್ಲದಿದ್ದರೆ ಆ ವಾದ ಅಷ್ಟು ಹರಿತವಾಗುತ್ತಿತ್ತೆಂದು ನನಗನ್ನಿಸುವುದಿಲ್ಲ.

ಇನ್ನು ಮುಖ್ಯ ವೇದಿಕೆಯ ಮೇಲೆ ನಡೆಯುವುದೇ ಮುಖ್ಯ ಎಂದೂ ಇಲ್ಲ. 1991ರ ಡಿಸೆಂಬರಿನಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಹೈಪರ್‌ಟೆಕ್ಸ್ಟ್ (ಕೊಂಡಿಗಳಿಂದ ಹೆಣೆದ ಬರಹ) ತಜ್ಞರ ಸಮ್ಮೇಳನ ನಡೆಯಿತು. ಅಲ್ಲಿಗೆ ವೆಬ್ಬನ್ನು ಕಂಡುಹಿಡಿದ ಟಿಮ್ ಬರ್ನರ್ಸ್-ಲೀ ಕಳಿಸಿದ್ದ ಪ್ರಬಂಧ ಆಯ್ಕೆಯಾಗಲಿಲ್ಲ. ಡೆಮೊ ತೋರಿಸಲು ಮಾತ್ರ ಅವಕಾಶ ಸಿಕ್ಕಿತು. ಹಾಗಾಗಿ ವರ್ಲ್ಡ್ ವೈಡ್ ವೆಬ್ ಆ ಸಮ್ಮೇಳನಕ್ಕೆ ಬಂದದ್ದು ಭಾಷಣವಾಗಿ ಅಲ್ಲ, ಒಂದು ಮೇಜಿನ ಮೇಲಿನ ಕಂಪ್ಯೂಟರಾಗಿ. ಅವತ್ತು ಅಲ್ಲಿದ್ದವರು ಕಾರ್ಯಕ್ರಮ ಪಟ್ಟಿಯನ್ನಷ್ಟೇ ನಂಬಿ ಒಂದು ಹಾಲ್‌ನಿಂದ ಇನ್ನೊಂದಕ್ಕೆ ಓಡಾಡಿದ್ದರೆ ಅದನ್ನು ನೋಡದೆಯೇ ಮನೆಗೆ ಹೋಗಿರುತ್ತಿದ್ದರು.

ಯಾವ ಟಾಕ್‌ಗೆ ಕೂರಬೇಕು? ಇದು ಮೊದಲ ಪ್ರಶ್ನೆಯ ಬಾಲ; ಅದರ ಹಿಂದೆಯೇ ಬರುತ್ತದೆ. ಹೊಸ ಲೈಬ್ರರಿಯ ಪರಿಚಯ ಎಂದಿದ್ದರೆ ನಾನು ಬಿಟ್ಟುಬಿಡುತ್ತೇನೆ, ಅದರ ವೆಬ್‌ಸೈಟಿನಲ್ಲಿ ಇನ್ನೂ ಚೆನ್ನಾಗಿ ಬರೆದಿರುತ್ತಾರೆ. ಪ್ರಾಯೋಜಕ ಕಂಪನಿಯವರದ್ದಾದರೆ ಹೊರಗೆ ಅಡ್ಡಾಡುತ್ತೇನೆ. ಪ್ರೊಡಕ್ಷನ್‌ನಲ್ಲಿ (ಜನ ಬಳಸುತ್ತಿರುವ ಸೈಟಿನಲ್ಲಿ) ಏನು ಮುರಿಯಿತು, ಏನನ್ನು ಕಿತ್ತೆಸೆದೆವು, ಯಾವುದನ್ನು ಮತ್ತೆ ಬರೆಯಬಾರದಿತ್ತು ಎಂಬ ಧಾಟಿಯ ತಲೆಬರಹ ಕಂಡರೆ ಬೇಗ ಹೋಗಿ ಜಾಗ ಹಿಡಿಯುತ್ತೇನೆ.

ಎಲ್ಲಕ್ಕಿಂತ ಹೆಚ್ಚಾಗಿ, ನನ್ನ ಕೆಲಸಕ್ಕೆ ಸಂಬಂಧವಿಲ್ಲ ಎನ್ನಿಸುವ ಒಂದಾದರೂ ಟಾಕ್‌ಗೆ ಕೂರುತ್ತೇನೆ. ಮನೆಯಲ್ಲಿ ವಿಡಿಯೋ ಆರಿಸುವುದು ನಮ್ಮ ರುಚಿ. ನಮ್ಮ ರುಚಿಯನ್ನೇ ನೋಡಿಕೊಂಡು ಮುಂದಿನದನ್ನು ತಳ್ಳುವುದು ಯೂಟ್ಯೂಬ್. ಅಲ್ಲಿ ನಾವು ಎಂದೂ ಒತ್ತದ ವಿಡಿಯೋಗಳದ್ದೇ ಒಂದು ಲೋಕವಿದೆ. ಆಕ್ಸೆಸಿಬಿಲಿಟಿಯ, ಅಂದರೆ ಅಂಗವಿಕಲರೂ ಬಳಸುವಂತೆ ಸೈಟು ಕಟ್ಟುವುದರ ಟಾಕ್‌ಗಳನ್ನೇ ತೆಗೆದುಕೊಳ್ಳಿ. ಕಣ್ಣು ಕಾಣದ ಬಳಕೆದಾರರೊಬ್ಬರು ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರನ್ನು ತಮ್ಮ ದಿನನಿತ್ಯದ ವೇಗದಲ್ಲೇ ಓಡಿಸಿ ಒಂದು ಮಾಮೂಲಿ ವೆಬ್‌ಸೈಟ್ ತೆರೆಯುತ್ತಾರೆ. ಬರೀ ಐಕಾನ್ ಇಟ್ಟು ಹೆಸರು ಕೊಡದ ಕಡೆಯೆಲ್ಲ ಅದು "ಬಟನ್, ಬಟನ್, ಬಟನ್" ಎಂದು ಒದರುತ್ತದೆ. ಡಿವ್‌ಗೆ, ಅಂದರೆ ಪುಟದ ಬರೀ ಒಂದು ಚೌಕಕ್ಕೆ, ಕ್ಲಿಕ್ ಕಟ್ಟಿ ಬಟನ್ ಎಂದು ನಂಬಿಸಿದ್ದರೆ ಟ್ಯಾಬ್ ಕೀ ಒತ್ತಿದಾಗ ಅದರ ಮೇಲೆ ನಿಲ್ಲುವುದೇ ಇಲ್ಲ, ಸೀದಾ ಹಾರಿ ಮುಂದಕ್ಕೆ ಹೋಗುತ್ತದೆ. ಪಾಪ್‌ಅಪ್ ತೆರೆದುಕೊಂಡಿರುತ್ತದೆ, ಫೋಕಸ್ (ಕೀ ಒತ್ತಿದ್ದು ಹೋಗಿ ಸೇರುವ ಜಾಗ) ಮಾತ್ರ ಅದರ ಹಿಂದಿನ ಪುಟದಲ್ಲೇ ಅಲೆಯುತ್ತಿರುತ್ತದೆ. ಶೀರ್ಷಿಕೆಗಳನ್ನು ಹಿಡಿದು ಪುಟದಲ್ಲಿ ಓಡಾಡೋಣವೆಂದರೆ, ಅಕ್ಷರ ದಪ್ಪ ಮಾಡಿ ಶೀರ್ಷಿಕೆ ಎನಿಸಿದ್ದಾರೆಯೇ ಹೊರತು ಹೆಡಿಂಗ್ ಟ್ಯಾಗ್ ಇರುವುದಿಲ್ಲ. ನಾನು ಒಬ್ಬನೇ ಕೂತು ಇದನ್ನು ನೋಡುತ್ತಿದ್ದರೆ ಅರ್ಧಕ್ಕೇ ಟ್ಯಾಬ್ ಮುಚ್ಚಿ ಬೇರೇನೋ ಮಾಡುತ್ತಿದ್ದೆ. ಹಾಲ್‌ನಲ್ಲಿ ಅದು ಸಾಧ್ಯವಿಲ್ಲ. ಪಕ್ಕದಲ್ಲಿ ಕೂತವರೆಲ್ಲ ಅದೇ ಬಗೆಯ ಡಿವ್‌ಗಳನ್ನು ಬರೆದವರೇ. ಕೊನೆಗೆ ಒಬ್ಬರು ಕೈಯೆತ್ತಿ, "ನಮ್ಮ ಸೈಟಿನಲ್ಲಿ ಇರುವುದರಲ್ಲಿ ಮೊದಲು ಯಾವುದನ್ನು ಸರಿಮಾಡಿದರೆ ನಿಮಗೆ ಹೆಚ್ಚು ಉಪಯೋಗ?" ಎಂದು ಕೇಳುತ್ತಾರೆ. ಆ ಉತ್ತರಕ್ಕಾಗಿಯೇ ಟಿಕೆಟಿನ ದುಡ್ಡು ಕೊಡಬಹುದು.

ಕೇಳುವುದು ಹೇಗೆ ಎಂಬುದಕ್ಕೆ ನನ್ನ ಪದ್ಧತಿ ಸರಳ. ಲ್ಯಾಪ್‌ಟಾಪ್ ಮುಚ್ಚಿಡುತ್ತೇನೆ. ಸ್ಲೈಡಿನ ಫೋಟೋ ತೆಗೆಯುವುದಿಲ್ಲ. ಸ್ಲೈಡುಗಳು ಹೇಗೂ ಸಿಗುತ್ತವೆ, ತೆಗೆದ ಫೋಟೋಗಳನ್ನು ಮತ್ತೆ ತೆರೆದು ನೋಡಿದವರನ್ನು ನಾನು ಇನ್ನೂ ಕಂಡಿಲ್ಲ. ಒಂದು ಕಾಗದದಲ್ಲಿ "ಇದು ನಮ್ಮಲ್ಲಿ ಯಾಕೆ ನಡೆಯುವುದಿಲ್ಲ?" ಎಂದು ಬರೆದುಕೊಂಡು, ಅದಕ್ಕೆ ಉತ್ತರ ಹುಡುಕುತ್ತ ಕೇಳುತ್ತೇನೆ. ಒಳ್ಳೆಯ ಪ್ರಶ್ನೆಗಳು ಹುಟ್ಟುವುದು ಅಲ್ಲೇ.

ಉದಾಹರಣೆ ಬೇಕೆಂದರೆ ಪರ್ಫಾರ್ಮೆನ್ಸ್ (ಸೈಟಿನ ವೇಗ) ಟಾಕ್‌ಗಳಲ್ಲಿ ಹೇರಳವಾಗಿವೆ. ವೆಬ್ ಪುಟಗಳನ್ನು ಅಳೆಯುವ ಗೂಗಲ್‌ನ ಕೋರ್ ವೆಬ್ ವೈಟಲ್ಸ್ ಪ್ರಕಾರ ಪುಟದ ಅತಿ ದೊಡ್ಡ ಚಿತ್ರವೋ ಬರಹವೋ 2.5 ಸೆಕೆಂಡಿನೊಳಗೆ ಕಾಣಿಸಿಕೊಳ್ಳಬೇಕು, ಬಳಕೆದಾರ ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪರದೆ ಸ್ಪಂದಿಸಬೇಕು. ಈ ಎರಡನೆಯ ಅಳತೆ ಐಎನ್‌ಪಿ ಎಂಬ ಹೆಸರಿನಲ್ಲಿ, ಮೊದಲ ಒತ್ತಿಗೆ ಮಾತ್ರ ಅಳೆಯುತ್ತಿದ್ದ ಹಳೆಯ ಎಫ್‌ಐಡಿಯ ಜಾಗಕ್ಕೆ ಬಂದದ್ದು 2024ರ ಮಾರ್ಚಿನಲ್ಲಿ. ಸ್ಪೀಕರ್ ಪಾಸಾಯಿತೆಂಬ ಹಸಿರು ಬಣ್ಣದ ಅಂಕಿಗಳನ್ನು ತೋರಿಸುತ್ತಾರೆ, ಚಪ್ಪಾಳೆ ಬೀಳುತ್ತದೆ. ಆದರೆ ಈ ಅಳತೆಗಳನ್ನು ನಿರ್ಧರಿಸುವುದು 75ನೇ ಪರ್ಸೆಂಟೈಲಿನಲ್ಲಿ. ಅಂದರೆ ನಾಲ್ಕರಲ್ಲಿ ಒಂದು ಭೇಟಿ ಎಷ್ಟೇ ನಿಧಾನವಾಗಿದ್ದರೂ ಅಂಕಿ ಹಸಿರಾಗಿಯೇ ಇರಬಹುದು. "ಉಳಿದ ಶೇಕಡಾ 25 ಭಾಗದವರು ಯಾರು, ಅವರ ಕೈಯಲ್ಲಿ ಯಾವ ಫೋನಿದೆ, ಅವರನ್ನು ನೀವು ನೋಡಿದಿರಾ?" ಎಂದು ಕೇಳಿ. ನೋಡಿದವರಾದರೆ ಮುಖ ಅರಳಿ ಅರ್ಧ ಗಂಟೆ ಮಾತಾಡುತ್ತಾರೆ. ನೋಡದವರಾದರೆ ಅದೂ ಅಲ್ಲೇ ಗೊತ್ತಾಗುತ್ತದೆ.

ಪ್ರಶ್ನೋತ್ತರದ ಹೊತ್ತಿಗೆ ಮೈಕ್ ಹಿಡಿದು "ಇದು ಪ್ರಶ್ನೆಯಲ್ಲ, ಒಂದು ಅಭಿಪ್ರಾಯ" ಎಂದು ಶುರುಮಾಡುವ ಮಹಾನುಭಾವರು ಎಲ್ಲ ಕಡೆಯೂ ಇರುತ್ತಾರೆ. ದಯವಿಟ್ಟು ಅವರಾಗಬೇಡಿ. ಎಲ್ಲರೆದುರು ಬಾಯಿ ಬರುವುದಿಲ್ಲವೆಂದರೆ ಚಿಂತೆಯಿಲ್ಲ, ಮುಗಿದ ಮೇಲೆ ಹೋಗಿ ಕೇಳಿ. ಮಾತಾಡಿ ಇಳಿದ ಸ್ಪೀಕರಿಗೆ ತನ್ನ ಮಾತು ಯಾರಿಗಾದರೂ ತಟ್ಟಿತೇ ಎಂಬ ಕಾತರ ಇರುತ್ತದೆ. "ಚೆನ್ನಾಗಿತ್ತು" ಎನ್ನುವವರಿಗಿಂತ "ಅದೊಂದು ಕಡೆ ನನಗೆ ಒಪ್ಪಿಗೆಯಾಗಲಿಲ್ಲ" ಎನ್ನುವವರನ್ನು ಕಂಡರೆ ಅವರಿಗೆ ಹೆಚ್ಚು ಖುಷಿ.

ಟಾಕ್ ಕೆಟ್ಟದಾಗಿದ್ದರೆ? ಎದ್ದು ಹೋಗಿ. ಹ್ಯಾರಿಸನ್ ಓವನ್ ರೂಪಿಸಿದ, ಬಂದವರೇ ಕಾರ್ಯಕ್ರಮ ಪಟ್ಟಿ ಮಾಡಿಕೊಳ್ಳುವ ಓಪನ್ ಸ್ಪೇಸ್ ಸಭೆಗಳಲ್ಲಿ ಇದು ನಿಯಮವೇ ಆಗಿದೆ: ಕಲಿಯುತ್ತಲೂ ಇಲ್ಲ, ಕೊಡುತ್ತಲೂ ಇಲ್ಲವೆಂದಾದರೆ ನಿಮ್ಮ ಎರಡು ಕಾಲುಗಳನ್ನು ಬಳಸಿ ಬೇರೆಡೆಗೆ ಹೋಗಿ. ಸಾಲಿನ ತುದಿಯ ಕುರ್ಚಿ ಹಿಡಿದರೆ ಯಾರಿಗೂ ತೊಂದರೆಯಾಗದು. ಒಳ್ಳೆಯ ಟಾಕ್ ಕೇಳಿದ ಮೇಲೂ ನಾನು ಮುಂದಿನದನ್ನು ಬಿಡುವುದುಂಟು. ಬೆನ್ನು ಬೆನ್ನಿಗೆ ಏಳೆಂಟು ಟಾಕ್ ಕೇಳಿದರೆ ಸಂಜೆಗೆ ಒಂದೂ ಉಳಿಯುವುದಿಲ್ಲ.

ಒಬ್ಬರೇ ಹೋದರೆ ಯಾರ ಜೊತೆ ಮಾತಾಡುವುದು ಎಂಬ ಅಳುಕು ಬಹಳ ಜನರಿಗಿದೆ. ನನಗೂ ಗುಂಪು ಕಂಡರೆ ಹಿಂಜರಿಕೆ. ಎರಿಕ್ ಹೋಲ್ಷರ್ ಎಂಬವರು ಇದಕ್ಕೊಂದು ಉಪಾಯ ಬರೆದಿದ್ದಾರೆ, ಅದು ಪ್ಯಾಕ್-ಮ್ಯಾನ್ ನಿಯಮ ಎಂದೇ ಹೆಸರಾಗಿದೆ: ಗುಂಪಾಗಿ ನಿಂತಾಗ ವೃತ್ತವನ್ನು ಪೂರ್ತಿ ಮುಚ್ಚದೆ, ಪ್ಯಾಕ್-ಮ್ಯಾನ್ ವಿಡಿಯೋ ಆಟದ ಆ ಬಾಯ್ದೆರೆದ ಗೊಂಬೆಯ ಹಾಗೆ, ಇನ್ನೊಬ್ಬರು ಬಂದು ಸೇರಲು ಜಾಗ ಬಿಟ್ಟಿರಬೇಕು. ನಿಯಮ ಪಾಲಿಸುವ ಸಮ್ಮೇಳನಗಳಲ್ಲಿ ಹೊಸಬರಿಗೆ ನಿಜವಾಗಿಯೂ ಸುಲಭ. ಪಾಲಿಸದ ಕಡೆ, ಈಗ ತಾನೇ ಕೇಳಿದ ಟಾಕ್‌ಗಿಂತ ಒಳ್ಳೆಯ ನೆಪ ಬೇಡ. "ಕೊನೆಯಲ್ಲಿ ಹೇಳಿದ್ದು ನಿಮಗೆ ಸರಿಯೆನಿಸಿತಾ?" ಎಂದರೆ ಯಾರೂ ಮುಖ ತಿರುಗಿಸುವುದಿಲ್ಲ.

ಹಾಗೆಂದು ಎಲ್ಲರೂ ಹೋಗಲೇಬೇಕು ಎನ್ನುವವನು ನಾನಲ್ಲ. ಈಗಷ್ಟೇ ಜಾವಾಸ್ಕ್ರಿಪ್ಟ್ ಕಲಿಯುತ್ತಿದ್ದರೆ ಆ ದುಡ್ಡನ್ನೂ ಸಮಯವನ್ನೂ ಒಂದು ಪೂರ್ತಿ ಪ್ರಾಜೆಕ್ಟ್ ಕಟ್ಟುವುದಕ್ಕೆ ಹಾಕಿ. ಕೇಳಲು ನಿಮ್ಮದೇ ಪ್ರಶ್ನೆಗಳಿಲ್ಲದೆ ಸಮ್ಮೇಳನದಿಂದ ಸಿಗುವುದು ಬರೀ ಸ್ಟಿಕ್ಕರುಗಳು. ಕಟ್ಟುತ್ತ ಕಟ್ಟುತ್ತ ಎಲ್ಲೋ ಸಿಕ್ಕಿಕೊಂಡಾಗ ಹೊರಡಿ. ಕೈಯಿಂದ ಖರ್ಚು ಮಾಡಬೇಕಾದರೆ, ಒಂದೇ ಹಾಲ್‌ನಲ್ಲಿ ಎಲ್ಲ ಟಾಕ್‌ಗಳೂ ನಡೆಯುವ, ಟಾಕ್‌ಗಳ ನಡುವೆ ಧಾರಾಳ ಬಿಡುವಿರುವ ಸಣ್ಣ ಸಮ್ಮೇಳನವನ್ನೇ ಆರಿಸಿ. ಎಲ್ಲರೂ ಒಂದೇ ಟಾಕ್ ಕೇಳಿರುವುದರಿಂದ ಯಾರ ಜೊತೆಗಾದರೂ ಅದರ ಬಗ್ಗೆ ಜಗಳವಾಡಬಹುದು. ಹಲವು ಸಮ್ಮೇಳನಗಳು ದುಡ್ಡಿಲ್ಲದವರಿಗೆಂದೇ ಉಚಿತ ಟಿಕೆಟ್ ಎತ್ತಿಟ್ಟಿರುತ್ತವೆ. ಕೇಳಿ ಪಡೆಯಲು ಸಂಕೋಚ ಬೇಡ. ಸ್ವಯಂಸೇವಕರಾಗಿಯೂ ಒಳಗೆ ಹೋಗಬಹುದು, ಆದರೆ ನೋಂದಣಿ ಮೇಜಿನ ಬದಲು ಸ್ಪೀಕರ್‌ಗಳ ಕೋಣೆಯ ಕೆಲಸ ಕೇಳಿ ಹಾಕಿಸಿಕೊಳ್ಳಿ.