ಸೈಲೆನ್ಸರಿನ ಬಾಯಲ್ಲಿ ಪಂಚೆಯ ತುಂಡು

ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತಿದ್ದ ಜೀಪು ಇಂದು ಮಡಿಕೇರಿಗೆ ಹೊರಡಲು ಒಪ್ಪಲೇ ಇಲ್ಲ. ಬ್ಯಾಟರಿಯನ್ನು ಬೈದೆ, ಡೀಸೆಲನ್ನೂ ಬೈದೆ. ನೋಡಿದರೆ, ಇಲಿ ನುಗ್ಗದಿರಲೆಂದು ಜೂನ್‌ನಲ್ಲಿ ನಾನೇ ಸೈಲೆನ್ಸರಿಗೆ ತುರುಕಿದ್ದ ಹಳೆಯ ಪಂಚೆಯ ತುಂಡು!

1996ರ ಅಕ್ಟೋಬರ್ 2ರಂದು ಸಮುದ್ರಕ್ಕೆ ಬಿದ್ದ, ಪೆರು ದೇಶದ ಏರೋಪೆರು ಸಂಸ್ಥೆಯ ವಿಮಾನ ನೆನಪಾಯಿತು. ತೊಳೆಯುವಾಗ ಗಾಳಿಯೊತ್ತಡ ಅಳೆಯುವ ರಂಧ್ರಗಳಿಗೆ ಅಂಟಿಸಿದ್ದ ಟೇಪನ್ನು ತೆಗೆಯಲು ಮರೆತಿದ್ದರು. ಹಾರುವ ಮುಂಚಿನ ತಪಾಸಣೆಯಲ್ಲೂ ಅದು ಯಾರ ಕಣ್ಣಿಗೂ ಬೀಳಲಿಲ್ಲ. ರಾಜಧಾನಿ ಲಿಮಾದಿಂದ ಏರಿದೊಡನೆ ಎತ್ತರ, ವೇಗ ಎಲ್ಲವೂ ಸುಳ್ಳು ಹೇಳತೊಡಗಿದವು. ರಾತ್ರಿ ಬೇರೆ, ಕೆಳಗೆ ಸಮುದ್ರ. ಪೈಲಟ್‌ಗಳು ಕೇಳಿದಾಗ ನಿಯಂತ್ರಣ ಕೊಠಡಿ ತಿಳಿಸಿದ ಎತ್ತರವೂ ಅದೇ ವಿಮಾನ ಕಳಿಸಿದ್ದ ತಪ್ಪು ಲೆಕ್ಕ. ಒಳಗಿದ್ದ 70 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ನನಗೋ ಬಸ್ಸು ಸಿಕ್ಕಿತು, ಅದೂ ಸೀಟಿಲ್ಲದೆ. ಪಂಚೆಯ ತುಂಡನ್ನು ಸ್ಟೀರಿಂಗಿಗೆ ಕಟ್ಟಿಟ್ಟು ಬಂದಿದ್ದೇನೆ.